15 ಕಲ್ಲುಗಳ ಪೆಟ್ಟಿಗೆ: ಕಲ್ಲು ಚೆನ್ನ, ಚೀಟಿ ತಪ್ಪು

ನಮ್ಮ ಶಾಲೆಯ ಮಕ್ಕಳಿಗೆಂದು ಆನ್‌ಲೈನಿನಲ್ಲಿ ಈ ಶಿಲೆಗಳ ಪೆಟ್ಟಿಗೆ ತರಿಸಿದೆ. ಕಲ್ಲುಗಳು ನಿಜಕ್ಕೂ ಚೆನ್ನಾಗಿವೆ. ಗ್ರಾನೈಟ್, ಬಸಾಲ್ಟ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಗ್ನಿಶಿಲೆಯ ಅರ್ಧ ಪಾಠ ಮುಗಿದಂತೆ. ನೆಲದಾಳದಲ್ಲಿ ನಿಧಾನವಾಗಿ ತಣಿದ ಗ್ರಾನೈಟಿನಲ್ಲಿ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಲಾವಾ ಹರಿದು ಬೇಗ ತಣಿದ ಬಸಾಲ್ಟ್ ಕಪ್ಪಗೆ, ಒತ್ತೊತ್ತಾಗಿದೆ. ಮರಳುಗಲ್ಲನ್ನು ಉಜ್ಜಿದರೆ ಅಂಗೈಗೆ ಮರಳೇ ಉದುರುತ್ತದೆ, ಮಕ್ಕಳಿಗೆ ಅದೇ ಖುಷಿ.

ಆದರೆ ‘ಅಮೃತಶಿಲೆ’ ಎಂದು ಚೀಟಿ ಅಂಟಿಸಿದ್ದ ಬಿಳಿ ತುಂಡು ಗಾಜನ್ನು ಗೀರಿತು! ಅಮೃತಶಿಲೆ ಗಾಜಿಗಿಂತ ಮೆದು, ಅದನ್ನು ಗೀರಲಾರದು. ಅನುಮಾನ ಬಂದು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದೆ; ಅಮೃತಶಿಲೆಯಾದರೆ ನೊರೆ ಬರಬೇಕು. ಒಂದು ಗುಳ್ಳೆಯೂ ಏಳಲಿಲ್ಲ. ‘ಕ್ವಾರ್ಟ್ಸೈಟ್’ ಚೀಟಿಯದು ಬುಸುಗುಟ್ಟಿ ನೊರೆ ಬಂತು. ಚೀಟಿಗಳು ಅದಲುಬದಲಾಗಿವೆ. ಎರಡೂ ರೂಪಾಂತರ ಶಿಲೆಗಳೇ (ಕಾವು, ಒತ್ತಡಕ್ಕೆ ಸಿಕ್ಕಿ ಬದಲಾದ ಕಲ್ಲುಗಳು), ಆದರೆ ಅಮೃತಶಿಲೆ ಸುಣ್ಣಕಲ್ಲಿನಿಂದ, ಕ್ವಾರ್ಟ್ಸೈಟ್ ಮರಳುಗಲ್ಲಿನಿಂದ ಆದದ್ದು. ಮಕ್ಕಳು ತಪ್ಪನ್ನೇ ಕಲಿತುಬಿಟ್ಟರೆ ಯಾರು ಹೊಣೆ? ಮಾರಿದವರಿಗೆ ಎರಡು ಸಲ ಬರೆದೆ, ಉತ್ತರವಿಲ್ಲ.

ಸುಣ್ಣಕಲ್ಲಿನ ತುಂಡು ಅಡಕೆಯಷ್ಟೇ ಇದೆ. ನಾನು ಮನೆಯಲ್ಲಿ ಉಳಿದಿದ್ದ ಶಹಾಬಾದ್ ಕಲ್ಲಿನ ಚೂರು ಸೇರಿಸಿದೆ, ಅದೂ ಸುಣ್ಣಕಲ್ಲೇ. ಲಾಲ್‌ಬಾಗಿನ ಬಂಡೆಯಂಥ ನೈಸ್ (gneiss) ಎಂಬ ಪಟ್ಟೆಪಟ್ಟೆ ರೂಪಾಂತರ ಶಿಲೆಯ ಒಂದು ತುಂಡೂ ಇಲ್ಲದ್ದು ಬೇಸರ. ಚೀಟಿ ಪರೀಕ್ಷಿಸಿ ತಿದ್ದಿಕೊಳ್ಳಬಲ್ಲ ಶಿಕ್ಷಕರು ಕೊಳ್ಳಬಹುದು. 5ಕ್ಕೆ 3.