ಫ್ಲಾಕ್ ಇಡೋದಾ, ಓಪಸ್ ಸಾಕಾ: ಕಿವಿಗೆ ಮೋಸವಾಗದಂತೆ ಹೋಲಿಸಿದ್ದು

ಫೋನಿಗೆ ಮೆಮೊರಿ ಕಾರ್ಡ್ ಕೊಳ್ಳಬೇಕಿತ್ತು. ಫ್ಲಾಕ್ ಅಂದರೆ ಸದ್ದಿನಲ್ಲಿ ಏನನ್ನೂ ಬಿಡದೆ ಒತ್ತಿಟ್ಟ ಫೈಲು. ಓಪಸ್, ಎಂಪಿ3 ಕಿವಿಗೆ ಅಷ್ಟಾಗಿ ಗೊತ್ತಾಗದ ವಿವರ ಬಿಟ್ಟು ಚಿಕ್ಕದಾಗಿಸಿದವು, ಸೆಕೆಂಡಿಗೆ ಎಷ್ಟು ಕಿಲೋಬಿಟ್ ಇಟ್ಟುಕೊಂಡಿವೆ ಅನ್ನುವುದೇ ಕೆಬಿಪಿಎಸ್. ಸಂಗೀತವನ್ನೆಲ್ಲ ಫ್ಲಾಕ್‌ನಲ್ಲೇ ಇಟ್ಟರೆ 1 ಟಿಬಿಯದು ಬೇಕು, ಓಪಸ್ 128 ಕೆಬಿಪಿಎಸ್‌ಗೆ ಇಳಿಸಿದರೆ 128 ಜಿಬಿಯದೇ ಧಾರಾಳ. ಮೂರು ಗಂಟೆಯ ಒಂದು ಕಚೇರಿ ಓಪಸ್‌ನಲ್ಲಿ ಸುಮಾರು 170 ಎಂಬಿ, ಅದೇ ಫ್ಲಾಕ್‌ನಲ್ಲಿ 1 ಜಿಬಿ ಆಸುಪಾಸು. ನಾನು ಚಿಕ್ಕ ಕಾರ್ಡನ್ನೇ ತಗೊಂಡೆ, ದುಡ್ಡು ಉಳಿಯಿತು, ಈಗಲೂ ಖುಷಿಯಾಗಿದ್ದೇನೆ. ಕೊಳ್ಳುವ ಮೊದಲು ಕಿವಿಯಿಂದ ಹೋಲಿಸುವ ಮೂರು ವಿಧಾನಗಳನ್ನೂ ಮಾಡಿ ನೋಡಿದೆ. ಅದರಲ್ಲಿ ಎರಡನ್ನು ನಂಬೋ ಹಾಗಿಲ್ಲ. ಎಬಿಎಕ್ಸ್ ಅನ್ನುವ ಮೂರನೆಯದೊಂದೇ ನನಗೆ ಸರಿ ಅನಿಸಿದ್ದು.

ಮೊದಲನೆಯದು ಎಲ್ಲರೂ ಮಾಡುವುದು. ಪರದೆಯ ಮೇಲೆ ಫೈಲಿನ ಹೆಸರು ನೋಡುತ್ತಾ ಇದು ಫ್ಲಾಕ್, ಇದು ಎಂಪಿ3 ಅಂತ ಒಂದಾದ ಮೇಲೊಂದು ಕೇಳುವುದು. ಹೆಸರು ಕಂಡ ತಕ್ಷಣ ಮನಸ್ಸು ತೀರ್ಪು ಕೊಟ್ಟು ಮುಗಿಸಿರುತ್ತದೆ. ಅದರ ಮೇಲೆ ಸದ್ದಿನ ಮಟ್ಟ ಬೇರೆ. ಎರಡು ಫೈಲುಗಳಲ್ಲಿ ಒಂದು ಚೂರೇ ಚೂರು ಜೋರಾಗಿದ್ದರೂ ಅದು ಜೋರು ಅಂತ ನಮಗೆ ಅನಿಸುವುದಿಲ್ಲ, ಚೆನ್ನಾಗಿದೆ, ತುಂಬಿಕೊಂಡಿದೆ ಅಂತ ಅನಿಸುತ್ತದೆ. ಓಪಸ್ ವಿಷಯದಲ್ಲಿ ಇದು ಸುಲಭವಾಗಿ ಆಗುತ್ತದೆ. ಹಾಡುಗಳನ್ನೆಲ್ಲ ಒಂದೇ ಜೋರಿಗೆ ತರಲು ಫೈಲಿನೊಳಗೆ ಒಂದು ಸೂಚನೆ ಬರೆದಿಡುತ್ತಾರೆ. ಫ್ಲಾಕ್, ಎಂಪಿ3ಗಳಲ್ಲಿ ಅದರ ಹೆಸರು ರೀಪ್ಲೇಗೇನ್, ಅದು ಈಗ ಸದ್ದಿನ ಜೋರಿನ ಅಳತೆಯಲ್ಲಿ -18 ಎಲ್‌ಯುಎಫ್‌ಎಸ್ ಲೆಕ್ಕದ್ದು. ಓಪಸ್ ಫೈಲಿನೊಳಗಿನ ಅಂಥದೇ ಆರ್128 ಟ್ಯಾಗ್ -23ರ ಲೆಕ್ಕದ್ದು. ಈ ವ್ಯತ್ಯಾಸ ಸರಿಪಡಿಸದ ಪ್ಲೇಯರ್‌ನಲ್ಲಿ ಓಪಸ್ 5 ಡೆಸಿಬೆಲ್ ಮೆತ್ತಗೆ ಬರುತ್ತದೆ. ಪಾಪ, ಓಪಸ್‌ಗೆ ದಮ್ಮೇ ಇಲ್ಲ ಅಂತ ಜನ ಬೈಯುತ್ತಾರೆ.

ಎರಡನೆಯದು ಇನ್ನೊಬ್ಬರ ಕೈಯಲ್ಲಿ ಫೈಲು ಬದಲಾಯಿಸಿ ಹಾಕಿಸುವುದು. ತಮ್ಮನನ್ನು ಕೂರಿಸಿದೆ. ಅವನು ಲ್ಯಾಪ್‌ಟಾಪ್‌ನಲ್ಲಿ ಫೈಲು ಹಾಕಬೇಕು, ನಾನು ಪರದೆ ನೋಡದೆ ಯಾವುದು ಅಂತ ಹೇಳಬೇಕು. ಓಪಸ್ ಬಂದಾಗಲೆಲ್ಲ ಹಿಡಿದುಬಿಡುತ್ತಿದ್ದೆ, ತಪ್ಪುತ್ತಲೇ ಇರಲಿಲ್ಲ. ಇಷ್ಟು ಸಲೀಸಾಗಿ ಗೊತ್ತಾಗಬಾರದಲ್ವಾ ಅಂತ ಅನುಮಾನ ಬಂತು.

ಮೇಜಿನ ಮೇಲಿದ್ದ ಯುಎಸ್‌ಬಿ ಡ್ಯಾಕ್‌ನಲ್ಲಿ (ಡಿಜಿಟಲ್ ಸದ್ದನ್ನು ಹೆಡ್‌ಫೋನಿಗೆ ಬೇಕಾದ ಸಂಕೇತವಾಗಿಸುವ ಡಬ್ಬಿ) ಒಂದು ಪುಟಾಣಿ ದೀಪ ಇದೆ. ಸದ್ದಿನ ಸ್ಯಾಂಪಲ್ ಸೆಕೆಂಡಿಗೆ ಎಷ್ಟು ಸಾವಿರ ಅನ್ನುವ ಲೆಕ್ಕ 44.1 ಕಿಲೋಹರ್ಟ್ಸ್ ಬಂದರೆ ಒಂದು ಬಣ್ಣ, 48 ಬಂದರೆ ಇನ್ನೊಂದು. ಸಿಡಿಯಿಂದ ತೆಗೆದ ಫ್ಲಾಕ್ ಅಂದರೆ 44.1. ಓಪಸ್ ಹಾಗಲ್ಲ, ನೀವು 44.1ರ ಫೈಲು ಕೊಟ್ಟರೂ ಅದನ್ನು 48ಕ್ಕೆ ಬದಲಾಯಿಸಿಕೊಂಡೇ ಕೆಲಸ ಶುರು ಮಾಡುತ್ತದೆ, ನುಡಿಸುವಾಗಲೂ ಸಾಮಾನ್ಯವಾಗಿ 48ರಲ್ಲೇ ಹೊರಬರುತ್ತದೆ. ಪ್ಲೇಯರ್ ವಾಸಾಪಿ ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿದ್ದರಿಂದ ವಿಂಡೋಸ್ ಮಧ್ಯೆ ಕೈಹಾಕದೆ ಆ ಲೆಕ್ಕವನ್ನು ಹಾಗೇ ಡ್ಯಾಕ್‌ಗೆ ಕಳಿಸುತ್ತಿತ್ತು. ಓಪಸ್ ಬಂದ ಕೂಡಲೇ ದೀಪದ ಬಣ್ಣ ಬದಲು. ಪರದೆ ನೋಡದಿದ್ದರೇನು, ಉತ್ತರ ಮೇಜಿನ ಮೇಲೇ ಉರಿಯುತ್ತಿತ್ತು.

ದೀಪಕ್ಕೆ ಕಪ್ಪು ಟೇಪ್ ಅಂಟಿಸಿದೆ. ಆಗಲೂ ಗೊತ್ತಾಗುತ್ತಿತ್ತು! 44.1ರಿಂದ 48ಕ್ಕೆ ಹೋಗುವಾಗ ಡ್ಯಾಕ್ ಅರೆಕ್ಷಣ ಸುಮ್ಮನಾಗುತ್ತದೆ, ಆಮೇಲೆ ಹೆಡ್‌ಫೋನಿನಲ್ಲಿ ಟಿಕ್ ಅಂತ ಒಂದು ಸಣ್ಣ ಸದ್ದು. ಅದು ಸಂಗೀತದ್ದಲ್ಲ, ಯಂತ್ರದ್ದು. ಆದರೆ ಕಿವಿ ಅದನ್ನೇ ಹಿಡಿದುಕೊಂಡು ಕೂತಿತ್ತು. ಹಾಗಂತ ಎಕ್ಸ್‌ಕ್ಲೂಸಿವ್ ಮೋಡ್ ತೆಗೆದರೆ ವಿಂಡೋಸ್ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತರುತ್ತದೆ, ಟಿಕ್ ಹೋಗುತ್ತದೆ. ಆದರೂ ಎಂಪಿ3 ಇನ್ನೊಂದು ಸುಳಿವು ಕೊಡುತ್ತದೆ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂದು ತುಣುಕು ಮೌನ ಸೇರಿಕೊಳ್ಳುತ್ತದೆ, ಲೇಮ್ ಅನ್ನುವ ಎಂಪಿ3 ತಂತ್ರಾಂಶದಲ್ಲಿ ಮಾಡಿ ಬಿಚ್ಚಿದರೆ ಒಟ್ಟು 1105 ಸ್ಯಾಂಪಲ್, ಅಂದರೆ ಸುಮಾರು 25 ಮಿಲಿಸೆಕೆಂಡ್. ಒಳ್ಳೆಯ ಪ್ಲೇಯರ್ ಅದನ್ನು ಕತ್ತರಿಸುತ್ತದೆ, ಕೆಲವು ಕತ್ತರಿಸುವುದಿಲ್ಲ. ಹಾಡಿನ ಮಧ್ಯದಲ್ಲಿ ಒಂದರಿಂದ ಇನ್ನೊಂದಕ್ಕೆ ಹಾರಿದಾಗ ತಾಳ ಒಂಚೂರು ಎಡವಿದ ಹಾಗೆ ಕೇಳಿಸಿದರೆ ಅದು ಇದೇ.

ತಮ್ಮನದೂ ಒಂದು ಸಮಸ್ಯೆ. ಯಾವುದು ಹಾಕಿದ್ದೇನೆ ಅಂತ ಅವನಿಗೆ ಗೊತ್ತು, ಮುಖದಲ್ಲೇ ತೋರಿಸುತ್ತಾನೆ.

ಹಾಗಾಗಿ ಎಬಿಎಕ್ಸ್. 1950ರಲ್ಲಿ ಬೆಲ್ ಲ್ಯಾಬ್ಸ್‌ನ ಮನ್ಸನ್ ಮತ್ತು ಗಾರ್ಡ್ನರ್ ಬರೆದಿಟ್ಟ ವಿಧಾನದಿಂದ ಬೆಳೆದದ್ದು. ಎ ಯಾವುದು, ಬಿ ಯಾವುದು ಅಂತ ಗೊತ್ತಿರುತ್ತದೆ. ಎಕ್ಸ್ ಅವೆರಡರಲ್ಲಿ ಒಂದು, ಪ್ರತಿ ಸುತ್ತಿಗೂ ಕಂಪ್ಯೂಟರೇ ಆರಿಸುತ್ತದೆ. ಅದು ಎಯೋ ಬಿಯೋ ಅಂತ ಕೇಳಿ ಹೇಳಬೇಕು. ಫೂಬಾರ್2000 ಅನ್ನುವ ಪ್ಲೇಯರ್‌ಗೆ ಇದರ ಕಾಂಪೊನೆಂಟ್ ಪುಕ್ಕಟೆ ಸಿಗುತ್ತದೆ.

ಮೊದಲು ತಯಾರಿ. ಒಂದೇ ಫ್ಲಾಕ್ ಫೈಲಿನಿಂದ ಎಂಪಿ3, ಓಪಸ್ ಎರಡನ್ನೂ ನೀವೇ ಮಾಡಿಕೊಳ್ಳಿ. ಸಿಡಿಯದನ್ನೂ ಸ್ಟ್ರೀಮಿಂಗ್‌ನದನ್ನೂ ಹೋಲಿಸಬೇಡಿ, ಅವೆರಡರ ಮಾಸ್ಟರೇ (ಬಿಡುಗಡೆಗೆ ಸಿದ್ಧ ಮಾಡಿದ ಮೂಲ ಪ್ರತಿ) ಬೇರೆ ಇರಬಹುದು. ಆಮೇಲೆ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಎಲ್ಲವನ್ನೂ 44.1ರ ವೇವ್ ಫೈಲಾಗಿ ಬಿಚ್ಚಿ, ಆಡಾಸಿಟಿ ಅನ್ನುವ ಸದ್ದಿನ ಎಡಿಟರ್‌ನಲ್ಲಿ ಶುರುವನ್ನೂ ಸದ್ದಿನ ಮಟ್ಟವನ್ನೂ ಸರಿಹೊಂದಿಸಿ. ಈಗ ದೀಪವೂ ಇಲ್ಲ, ಟಿಕ್ಕೂ ಇಲ್ಲ. ಇದಕ್ಕೆ ತಾಳ್ಮೆ ಬೇಕು, ನಿಜ. ಕೇಳುವಾಗ ಇಡೀ ಹಾಡು ಬೇಡ, ಕೆಲವೇ ಸೆಕೆಂಡಿನ ತುಣುಕನ್ನು ಮತ್ತೆ ಮತ್ತೆ ಕೇಳಿ. ಸದ್ದಿನ ಸಣ್ಣ ವಿವರಗಳ ನೆನಪು ಅಷ್ಟು ಹೊತ್ತೇ ಇರುವುದು.

ಎಷ್ಟು ಸುತ್ತು ಅಂತ ಮೊದಲೇ ತೀರ್ಮಾನಿಸಿ. ಅಂಕ ನೋಡುತ್ತಾ ಗೆದ್ದಾಗ ನಿಲ್ಲಿಸಿದರೆ ಲೆಕ್ಕಕ್ಕಿಲ್ಲ. 10ರಲ್ಲಿ 7 ಸರಿ ಬಂದರೆ ಬೀಗಬೇಡಿ, ಸುಮ್ನೆ ಊಹೆ ಮಾಡಿದರೂ 7 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 17. 16ರಲ್ಲಿ 12 ಬಂದರೆ ಆ ಸಾಧ್ಯತೆ ನೂರಕ್ಕೆ 4ಕ್ಕಿಂತ ಕಮ್ಮಿ, ಆಗ ಮಾತಾಡಬಹುದು.

ಇಷ್ಟಾದರೂ ಎಬಿಎಕ್ಸ್‌ಗೆ ಒಂದು ಕುರುಡು ಜಾಗ ಇದೆ, ಅದು ನನ್ನಂಥವರಿಗೇ ಅನ್ವಯ. ಇಲ್ಲದ ವ್ಯತ್ಯಾಸ ಇದೆ ಅನ್ನುವವರನ್ನು ಅದು ಹಿಡಿಯುತ್ತದೆ. ಇರುವ ವ್ಯತ್ಯಾಸವನ್ನು ಕೇಳಿಸಿಕೊಳ್ಳಲು ಮನಸ್ಸಿಲ್ಲದವರನ್ನು ಹಿಡಿಯುವುದಿಲ್ಲ. ನನಗೆ ಕಡಿಮೆ ಬೆಲೆಯ ಕಾರ್ಡ್ ಬೇಕಿತ್ತಲ್ಲ, ಫ್ಲಾಕ್ ಸೋಲಲಿ ಅಂತ ಒಳಗೊಳಗೇ ಆಸೆ. ಅರ್ಧಂಬರ್ಧ ಕೇಳಿ ಸಿಕ್ಕಿದ ಬಟನ್ ಒತ್ತಿದರೂ ನನಗೆ ಬೇಕಾದ ಉತ್ತರವೇ ಬರುತ್ತಿತ್ತು. ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಾದ ಐಟಿಯುವಿನ ಮುಶ್ರಾ ಅನ್ನುವ ಪರೀಕ್ಷಾ ಕ್ರಮದಲ್ಲಿ ಇದಕ್ಕೆ ಒಂದು ಉಪಾಯ ಇದೆ. ಬೇಕಂತಲೇ ಕೆಡಿಸಿದ, 3.5 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿದ ಒಂದು ಮಾದರಿಯನ್ನು ಉಳಿದವುಗಳ ಮಧ್ಯೆ ಸೇರಿಸುತ್ತಾರೆ. ನಾನು ಅದನ್ನೇ ಬೇರೆ ರೀತಿ ಮಾಡಿಕೊಂಡೆ: ಪ್ರತಿ ಸಲ ಕೂತಾಗ ಮೊದಲು 64 ಕೆಬಿಪಿಎಸ್‌ನ ಎಂಪಿ3ಯನ್ನು ಫ್ಲಾಕ್ ಎದುರು ಇಡುವುದು. ಅದನ್ನೂ ಗುರುತಿಸಲಾಗದಿದ್ದರೆ ಕಿವಿ ಸುಸ್ತಾಗಿದೆ, ಇಲ್ಲವೇ ನಾನು ಕಳ್ಳಾಟ ಆಡುತ್ತಿದ್ದೇನೆ ಅಂತ ಅರ್ಥ. ಅವತ್ತಿನ ಫಲಿತಾಂಶ ಕಸದ ಬುಟ್ಟಿಗೆ.

ತುಣುಕುಗಳನ್ನೂ ನನಗೆ ಅನುಕೂಲ ಆಗದಂತೆ ಆರಿಸಿದೆ. ಬರೀ ಗಾಯನ ಇದ್ದರೆ ಎಲ್ಲ ಫಾರ್ಮ್ಯಾಟೂ ಪಾಸ್ ಆಗಿಬಿಡಬಹುದು. ಕಷ್ಟ ಕೊಡುವುದು ಚೂಪಾದ ಪೆಟ್ಟುಗಳು. ಯಕ್ಷಗಾನದ ಚೆಂಡೆ ಇದಕ್ಕೆ ಹೇಳಿ ಮಾಡಿಸಿದ್ದು. ಎಂಪಿ3 ಸದ್ದನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ, ಒತ್ತುವಾಗ ಆದ ಕೆಡುಕು ಆ ತುಂಡಿನ ಉದ್ದಕ್ಕೂ ಹರಡುತ್ತದೆ, ಹಾಗಾಗಿ ಪೆಟ್ಟು ಬೀಳುವ ಮೊದಲೇ ಸಣ್ಣದಾಗಿ ಸರಕ್ ಅನ್ನುವ ಸದ್ದು ಬರುತ್ತದೆ. 128ರ ಎಂಪಿ3ಯನ್ನು ಇದರಲ್ಲೇ ಹಿಡಿದೆ. ಮಧ್ಯದಲ್ಲಿ ಚಪ್ಪಾಳೆ, ಒಂಟಿ ತಂಬೂರಿ ಕೂಡ ಇಟ್ಟಿದ್ದೆ.

320ರ ಎಂಪಿ3ಯನ್ನು ನನಗೆ ಗುರುತಿಸಲು ಆಗಲಿಲ್ಲ. ಓಪಸ್ 128ನ್ನೂ ಆಗಲಿಲ್ಲ, ಚೆಂಡೆಯಲ್ಲೂ. 96ಕ್ಕೆ ಇಳಿಸಿದಾಗ ಚಪ್ಪಾಳೆಯಲ್ಲಿ ಸಿಕ್ಕಿಬಿತ್ತು. ವ್ಯತ್ಯಾಸವೇ ಇಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ನನ್ನ ಕಿವಿ, ನನ್ನ ಹೆಡ್‌ಫೋನ್, ನಾನು ಆರಿಸಿದ ತುಣುಕುಗಳಲ್ಲಿ ಸಿಗಲಿಲ್ಲ, ಅಷ್ಟೇ. ಐಫೋನ್‌ನವರು ಹೆಚ್ಚಾಗಿ ಬಳಸುವ ಎಎಸಿ ಫಾರ್ಮ್ಯಾಟನ್ನು ಜಾಸ್ತಿ ಕೆದಕಲಿಲ್ಲ, ನನ್ನ ಮನೆಯಲ್ಲಿ ಐಫೋನ್ ಇಲ್ಲ.

ನಾನು ಹೆಚ್ಚಾಗಿ ಕೇಳುವುದು ಬಸ್ಸಿನಲ್ಲಿ, ಸಂಜೆ ವಾಕ್ ಹೋದಾಗ. ಅದಕ್ಕೆ 1 ಟಿಬಿ ಕಾರ್ಡಿನ ದುಡ್ಡು ಸುರಿಯುವುದರಲ್ಲಿ ಅರ್ಥ ಇರಲಿಲ್ಲ. ಮೂಲ ಫ್ಲಾಕ್ ಎಲ್ಲ ಮನೆಯ ಹಾರ್ಡ್ ಡಿಸ್ಕ್‌ನಲ್ಲಿದೆ, ಅದನ್ನು ಅಳಿಸಬೇಡಿ, ನಾಳೆ ಬೇರೆ ಫಾರ್ಮ್ಯಾಟ್ ಬೇಕಾದರೆ ಅದರಿಂದಲೇ ಮಾಡಬೇಕು. ಫೋನಿನಲ್ಲಿ ಓಪಸ್ 128. ನಮ್ಮ ಹಳೇ ಕಾರಿನ ಸ್ಟೀರಿಯೋ ಓಪಸ್ ಫೈಲನ್ನು ಗುರುತಿಸುವುದೇ ಇಲ್ಲ, ಅದರ ಪೆನ್ ಡ್ರೈವ್‌ಗೆ ಮಾತ್ರ ಎಂಪಿ3 ಮಾಡಿ ಹಾಕಿದ್ದೇನೆ.