ತೆಳುಪದರದ ಕಾಂತೀಯ ಜಿಗಿತಗಳಿಗೆ ಕೆರ್ ಮೈಕ್ರೋಸ್ಕೋಪ್: ಚಿತ್ರ ಸೊಗಸು, ತಂತ್ರಾಂಶ ಸಾಲದು

ಕಾಂತಕ್ಷೇತ್ರವನ್ನು ಎಷ್ಟೇ ನಿಧಾನವಾಗಿ ಏರಿಸಿದರೂ ಕಾಂತೀಯ ವಸ್ತುವಿನ ಡೊಮೇನ್ ಗೋಡೆಗಳು (ಒಂದೊಂದೇ ದಿಕ್ಕಿನಲ್ಲಿ ಕಾಂತೀಕರಣಗೊಂಡ ಪ್ರದೇಶಗಳ, ಅಂದರೆ ಡೊಮೇನ್‌ಗಳ, ನಡುವಿನ ಗಡಿಗಳು) ಸಲೀಸಾಗಿ ಸರಿಯುವುದಿಲ್ಲ. ಅಲ್ಲಲ್ಲಿನ ದೋಷಗಳಿಗೆ ಸಿಕ್ಕಿಕೊಂಡು ನಿಲ್ಲುತ್ತವೆ, ಬಿಡಿಸಿಕೊಂಡ ಕೂಡಲೇ ಹಿಮಕುಸಿತದಂತೆ ಒಮ್ಮೆಗೇ ಮುನ್ನುಗ್ಗುತ್ತವೆ. 1919ರಲ್ಲಿ ಹೈನ್ರಿಶ್ ಬಾರ್ಕ್‌ಹೌಸೆನ್ ತಂತಿಯ ಸುರುಳಿಯ ನೆರವಿನಿಂದ ಕೇಳಿಸಿಕೊಂಡ ಸದ್ದು ಈ ಜಿಗಿತಗಳದ್ದೇ. ತೆಳುಪದರದಲ್ಲಿ ಕಾಂತೀಯ ದ್ರವ್ಯ ಅತ್ಯಲ್ಪವಾದ್ದರಿಂದ ಸುರುಳಿಯಲ್ಲಿ ಹುಟ್ಟುವ ಸಂಕೇತ ಬಹಳ ಕ್ಷೀಣ. ಕಾಂತೀಯ ಮೇಲ್ಮೈಯಿಂದ ಪ್ರತಿಫಲಿತವಾದ ಬೆಳಕಿನ ಧ್ರುವೀಕರಣದಲ್ಲಿ (ಕಂಪನದ ದಿಕ್ಕಿನಲ್ಲಿ) ಆಗುವ ಅತಿ ಸಣ್ಣ ತಿರುವನ್ನು ಗುರುತಿಸುವ ಕೆರ್ ಮೈಕ್ರೋಸ್ಕೋಪ್ ಇಲ್ಲಿ ನೆರವಿಗೆ ಬರುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಬಳಸುತ್ತಿರುವ ಉಪಕರಣದ ಚಿತ್ರಗಳ ಬಗ್ಗೆ ನನಗೆ ಪೂರ್ಣ ಮೆಚ್ಚುಗೆಯಿದೆ. ಒಂದರ ಹಿಂದೊಂದು ತೆಗೆದ ಎರಡು ಚಿತ್ರಗಳನ್ನು ಕಳೆದರೆ, ಆ ನಡುವೆ ಕಾಂತೀಕರಣ ಮಗುಚಿದ ಭಾಗವಷ್ಟೇ ಕಪ್ಪು ಹಿನ್ನೆಲೆಯಲ್ಲಿ ಬಿಳಿ ತೇಪೆಯಾಗಿ, ಹರಿದ ಕಾಗದದಂಥ ಅಂಚಿನೊಡನೆ ಮೂಡುತ್ತದೆ. ಒಮ್ಮೆ ಕೆಲವೇ ಪಿಕ್ಸೆಲ್‌ಗಳು, ಮರುಗಳಿಗೆ ಅರ್ಧ ದೃಶ್ಯಕ್ಷೇತ್ರ! ಜಿಗಿತಕ್ಕೆ ತನ್ನದೇ ಆದ ಅಳತೆಯಿಲ್ಲ ಎಂಬ ಮಾತನ್ನು ಇಷ್ಟು ನೇರವಾಗಿ ತೋರಿಸುವ ಸಾಧನ ಬೇರೊಂದನ್ನು ನಾನು ಬಳಸಿಲ್ಲ.

ಆಕ್ಷೇಪಗಳಿರುವುದು ವಿಶ್ಲೇಷಣೆಯ ತಂತ್ರಾಂಶದ ಬಗ್ಗೆ. ಜಿಗಿತಗಳ ಗಾತ್ರದ ಹಂಚಿಕೆ ಘಾತ ನಿಯಮವನ್ನು ಪಾಲಿಸುತ್ತದೆ, ಅಂದರೆ ಗಾತ್ರ ಹೆಚ್ಚಿದಂತೆ ಜಿಗಿತಗಳ ಸಂಖ್ಯೆ ಗಾತ್ರದ ಒಂದು ನಿಶ್ಚಿತ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಪ್ರತಿ ಭಾಗದ ಮೇಲೂ ಉಳಿದೆಲ್ಲದರ ಸರಾಸರಿ ಪ್ರಭಾವವನ್ನಷ್ಟೇ ಪರಿಗಣಿಸುವ ಸರಾಸರಿ ಕ್ಷೇತ್ರ ಸಿದ್ಧಾಂತದಲ್ಲಿ ಅದರ ಘಾತಾಂಕ 3/2, ಕೋಬಾಲ್ಟ್ ತೆಳುಪದರಗಳಲ್ಲಿ ಇದೇ ಬಗೆಯ ಚಿತ್ರಣದಿಂದ ಅಳೆದದ್ದು ಸುಮಾರು 4/3. ಇಷ್ಟು ಹತ್ತಿರದ ಎರಡು ಸಂಖ್ಯೆಗಳನ್ನು ಬೇರ್ಪಡಿಸಬೇಕಾದಾಗ ತಂತ್ರಾಂಶವು ದತ್ತಾಂಶವನ್ನು ಸಮಾನ ಅಗಲದ ಗುಂಪುಗಳಲ್ಲಿ ಎಣಿಸಿ, ಲಾಗ್ ನಕ್ಷೆಯ ಮೇಲೆ ಒಂದು ಸರಳರೇಖೆ ಎಳೆದು ಉತ್ತರ ಕೊಟ್ಟುಬಿಡುವುದು ಒಪ್ಪತಕ್ಕದ್ದಲ್ಲ. ಚಿತ್ರದ ಅಂಚಿಗೆ ತಾಗಿದ, ಅಂದರೆ ಪೂರ್ತಿ ಗಾತ್ರ ತಿಳಿಯದ ಜಿಗಿತಗಳನ್ನೂ ಅದು ಉಳಿದವುಗಳ ಜೊತೆಗೇ ಸೇರಿಸುತ್ತದೆ. ಕ್ಷೇತ್ರವನ್ನು ತುಸು ವೇಗವಾಗಿ ಏರಿಸಿದರೂ ಎರಡು ಜಿಗಿತಗಳು ಒಂದೇ ಚಿತ್ರದಲ್ಲಿ ಬೆರೆತು ದೊಡ್ಡದೊಂದಾಗಿ ದಾಖಲಾಗುತ್ತವೆ. ಅದರ ಬಗ್ಗೆ ಎಚ್ಚರಿಕೆಯ ಸೂಚನೆಯೂ ಬರುವುದಿಲ್ಲ.

ಯಂತ್ರಭಾಗ ಗಟ್ಟಿಮುಟ್ಟಾಗಿದೆ, ಬೆಳಕೂ ಸ್ಥಿರವಾಗಿದೆ. ಕ್ಷೇತ್ರ ಹೆಚ್ಚಿದಾಗ ಮಸೂರದೊಳಗಿನ ಫ್ಯಾರಡೆ ಪರಿಣಾಮದಿಂದ (ಕಾಂತಕ್ಷೇತ್ರದಲ್ಲಿರುವ ಗಾಜಿನ ಮೂಲಕ ಹಾಯುವ ಬೆಳಕಿನ ಧ್ರುವೀಕರಣ ತಿರುಗುವುದರಿಂದ) ಹಿನ್ನೆಲೆಯ ಹೊಳಪು ಬದಲಾಗುವುದುಂಟು, ಅದನ್ನು ಸರಿಪಡಿಸಿಕೊಳ್ಳಬಹುದು.

ಡೊಮೇನ್‌ಗಳನ್ನು ನೋಡುವುದಷ್ಟೇ ಉದ್ದೇಶವಾದರೆ ಈ ಉಪಕರಣವನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಘಾತಾಂಕ ಬೇಕಾದವರು ಕಚ್ಚಾ ಚಿತ್ರಗಳನ್ನೂ ಪ್ರತಿ ಚಿತ್ರದ ಕ್ಷೇತ್ರಮೌಲ್ಯವನ್ನೂ ಹೊರತೆಗೆಯುವ ಸೌಲಭ್ಯವನ್ನು ಮೊದಲೇ ಕೇಳಿ ಪಡೆದು, ಗರಿಷ್ಠ ಸಂಭಾವ್ಯತೆಯ ವಿಧಾನದಿಂದ (ಅಳೆದ ದತ್ತಾಂಶ ಬರುವ ಸಂಭವ ಅತಿ ಹೆಚ್ಚಾಗುವಂಥ ಘಾತಾಂಕವನ್ನು ಆರಿಸುವ ವಿಧಾನ) ಲೆಕ್ಕವನ್ನು ತಾವೇ ಮಾಡಿಕೊಳ್ಳಬೇಕು.