ಕಡಲ ಪಕ್ಕದ ರಜಾ ಮನೆ ಬುಕ್ ಮಾಡುವ ಮುಂಚೆ ಇದನ್ನು ಓದಿ

ರಜೆಗೆ ಹೋಟೆಲ್ ಬಿಟ್ಟು ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯುವವರು ಈಗ ಜಾಸ್ತಿ. ನಾವೂ ಹಾಗೇ ಮಾಡಿದೆವು. ಒಂದು ಕಡೆ ಬಿಡಾರ ಹೂಡಿ, ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಒಂದು ದಿನ ಕಡಲು, ಇನ್ನೊಂದು ದಿನ ಗುಡ್ಡ, ಹಳ್ಳಿ ಅಂತ ಸುತ್ತುವ ಯೋಚನೆ. ಸಿಕ್ಕಿದ ಮನೆ ಆ ಕೆಲಸಕ್ಕೆ ಬರಲಿಲ್ಲ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಮನೆಯ ಬಚ್ಚಲು ಜೀವಕ್ಕೇ ಕುತ್ತು ತರುವಂತಿತ್ತು. ಮಾಲೀಕರ ಹೆಸರು, ಬುಕ್ ಮಾಡಿದ ವೆಬ್‌ಸೈಟಿನ ಹೆಸರು ಹೇಳುವುದಿಲ್ಲ. ಇಂಥ ಮನೆ ಅದೊಂದೇ ಅಲ್ಲ.

ಜಾಹೀರಾತಿನಲ್ಲಿ ಇದು ಸುಳ್ಳು ಅಂತ ಬೆರಳಿಟ್ಟು ತೋರಿಸುವಂಥ ಸಾಲು ಒಂದೂ ಇರಲಿಲ್ಲ. ತೊಂದರೆ ಇದ್ದದ್ದು ಅವರು ಬರೆಯದೆ ಬಿಟ್ಟಿದ್ದರಲ್ಲಿ.

'ಮರಳ ದಂಡೆಗೆ 4 ಕಿಲೋಮೀಟರ್' ಅಂತಿತ್ತು. ನಿಜವೇ. ನಕ್ಷೆಯ ಮೇಲೆ ಗೆರೆ ಎಳೆದರೆ ಅಷ್ಟೇ ದೂರ. ಆದರೆ ಮನೆಗೂ ದಂಡೆಗೂ ನಡುವೆ ನದಿಯ ಅಳಿವೆ. ಸೇತುವೆ ಇದ್ದದ್ದು ಒಳನಾಡಿನಲ್ಲಿ, ಬಹಳ ಮೇಲೆ. ಕಣ್ಣೆದುರು ಕಾಣುವ ದಂಡೆಗೆ ಹೋಗಲು ಪ್ರತಿ ಸಲವೂ ಕಾರಿನಲ್ಲಿ ದೊಡ್ಡ ಸುತ್ತು. ಬುಕ್ ಮಾಡಿ ಹಣ ಕಟ್ಟುವವರೆಗೆ ಹಲವು ಸೈಟುಗಳು ಮನೆಯ ನಿಖರ ಜಾಗ ತೋರಿಸುವುದಿಲ್ಲ, ನಕ್ಷೆಯ ಮೇಲೆ ಒಂದು ವೃತ್ತ ಮಾತ್ರ. ಆ ವೃತ್ತದೊಳಗೆ ನದಿಯೋ ಹಿನ್ನೀರೋ ಕಂಡರೆ ಮನೆ ಯಾವ ದಡದಲ್ಲಿದೆ ಅಂತ ಮೊದಲೇ ಕೇಳಿಬಿಡಿ.

ಇನ್ನು ದಾರಿ. ಮನೆಗೆ ಹೋಗುವ ತಗ್ಗಿನ ರಸ್ತೆ ದೊಡ್ಡ ಉಬ್ಬರ ಬಂದಾಗ ಮುಳುಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು ಅನ್ನುವುದು ಎಲ್ಲರಿಗೂ ಗೊತ್ತು. ಅದು ಮನೆ ಬಾಗಿಲಿಗೆ ಸಂಬಂಧಿಸಿದ ವಿಷಯ ಅಂತ ಯಾರು ಅಂದುಕೊಳ್ಳುತ್ತಾರೆ? ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಾ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ನಿನ್ನೆ ಈ ಹೊತ್ತಿಗೆ ದಾರಿ ಒಣಗಿತ್ತು ಅನ್ನುವ ಲೆಕ್ಕ ಇವತ್ತಿಗೆ ನಡೆಯುವುದಿಲ್ಲ. ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ. ಏರುವ ಆರು ಗಂಟೆಗಳಲ್ಲಿ ನಡುವಿನ ಎರಡು ಗಂಟೆಯಲ್ಲೇ ಹೆಚ್ಚುಕಡಿಮೆ ಅರ್ಧ ನೀರು ಬಂದುಬಿಡುತ್ತದೆ. ನಾವು ಕಾರು ಈಚೆ ನಿಲ್ಲಿಸಿ, ಮನೆ ದೀಪ ನೋಡುತ್ತಾ ನೀರು ಇಳಿಯುವವರೆಗೆ ಕಾದೆವು. ಫೋನ್ ಮಾಡಿದರೆ ಮಾಲೀಕರು, 'ಹೌದು, ತಿಂಗಳಿಗೆರಡು ಸಲ ಹಾಗಾಗುತ್ತೆ' ಅಂದರು. ಏನೂ ಆಗದವರ ಹಾಗೆ!

'ಸುಸಜ್ಜಿತ ಅಡುಗೆಮನೆ' ಬಗ್ಗೆ ಜಾಸ್ತಿ ಹೇಳಲ್ಲ. ಒಂದು ಒಲೆ, ಹಿಡಿ ಕಳಚಿದ ಒಂದು ಪಾತ್ರೆ, ಕೊಯ್ಯದ ಚಾಕು. ಅಡುಗೆಮನೆ ಫೋಟೋದಲ್ಲಿ ಕಪಾಟಿನ ಬಾಗಿಲೆಲ್ಲಾ ಮುಚ್ಚಿದ್ದರೆ ತೆರೆದು ಒಂದು ಫೋಟೋ ಕಳಿಸಿ ಅನ್ನಿ.

ಬಚ್ಚಲಿನ ವಿಷಯ ಮಾತ್ರ ದಯವಿಟ್ಟು ಪೂರ್ತಿ ಓದಿ. ಗೋಡೆಗೆ ಗ್ಯಾಸ್ ಗೀಸರ್ ಹಾಕಿದ್ದರು, ಅದೂ ಸ್ನಾನ ಮಾಡುವ ಜಾಗದಲ್ಲೇ. ಹೊಗೆ ಹೊರಹೋಗುವ ಕೊಳವೆ ಇರಲಿಲ್ಲ. ಉಪ್ಪುಗಾಳಿ ಬರುತ್ತದೆಂದು ಇದ್ದ ಒಂದು ಗವಾಕ್ಷಿಗೂ ಹಲಗೆ ಹೊಡೆದಿದ್ದರು. ಸ್ನಾನಕ್ಕೆ ಹೋದ ನನ್ನ ತಮ್ಮ ತಲೆ ಸುತ್ತಿ ಗೋಡೆ ಹಿಡಿದುಕೊಂಡು ಹೊರಗೆ ಬಂದ. ತಲೆನೋವು, ವಾಕರಿಕೆ. ಪ್ರಯಾಣದ ಆಯಾಸ ಅಂದುಕೊಂಡೆವು. ಆಮೇಲೆ ಸ್ನಾನಕ್ಕೆ ಹೋದ ಅತ್ತಿಗೆಗೂ ಅದೇ ಆಯಿತು. ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತ ಮೇಲೆ ಇಬ್ಬರಿಗೂ ಕಡಿಮೆಯಾಯಿತು. ಆಗ ಅನುಮಾನ ಬಂತು. ಗೀಸರ್ ಆರಿಸಿ, ಬಾಗಿಲು ಕಿಟಕಿ ಎಲ್ಲಾ ತೆರೆದು, ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರೂ ಅದನ್ನೇ ಹೇಳಿದರು: ಕಾರ್ಬನ್ ಮೊನಾಕ್ಸೈಡ್.

ಸಾಕಷ್ಟು ಗಾಳಿ ಇಲ್ಲದೆ ಗ್ಯಾಸ್ ಅರೆಬರೆ ಉರಿದರೆ ಈ ಅನಿಲ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಗೊತ್ತಾಗುತ್ತದೆ, ಯಾಕೆಂದರೆ ಅದಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಆ ಸೌಲಭ್ಯ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಮಾತ್ರ ಆಮ್ಲಜನಕ ಸಿಗುವುದಿಲ್ಲ. ಒಂದೇ ಮನೆಯಲ್ಲಿರುವ ಹಲವರಿಗೆ ತಲೆನೋವು ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಗೀಸರ್ ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿ ಉರಿಯುವುದೂ ಕೆಟ್ಟ ಸೂಚನೆ. ಆದರೆ ಜ್ವಾಲೆ ನೀಲಿ ಇದೆ ಅಂತ ನೆಚ್ಚಿಕೊಳ್ಳಬೇಡಿ.

ಹೊಗೆಯ ಅಲಾರಂ ಇದೆ ಅಂತ ಮಾಲೀಕರು ಹೇಳಿದರೆ ಸುಮ್ನೆ ಒಪ್ಪಬೇಡಿ. ಅದು ಈ ಅನಿಲವನ್ನು ಪತ್ತೆ ಮಾಡುವುದಿಲ್ಲ, ಇದಕ್ಕೆ ಬೇರೆಯೇ ಅಲಾರಂ ಬೇಕು. ಬ್ಯಾಟರಿಯಲ್ಲಿ ನಡೆಯುವ ಚಿಕ್ಕವು ಸಿಗುತ್ತವೆ, ಬ್ಯಾಗಿನಲ್ಲಿ ಹಿಡಿಯುತ್ತವೆ. ನಾವೀಗ ಅದಿಲ್ಲದೆ ಹೊರಡುವುದಿಲ್ಲ. ಬುಕ್ ಮಾಡುವ ಮುಂಚೆ ಕೇಳಿ: ನೀರು ಯಾವುದರಿಂದ ಕಾಯುತ್ತದೆ, ಗ್ಯಾಸ್ ಆದರೆ ಗೀಸರ್ ಎಲ್ಲಿದೆ, ಅದರ ಹೊಗೆ ಎಲ್ಲಿಗೆ ಹೋಗುತ್ತದೆ? ಉತ್ತರ ತೊದಲಿದರೆ ಬೇರೆ ಮನೆ ನೋಡಿ. ಕಡಲ ನೋಟ ಎಷ್ಟೇ ಚೆನ್ನಾಗಿದ್ದರೂ ಸರಿ.

ಪ್ರಶ್ನೆಗಳನ್ನು ಫೋನಿನಲ್ಲಿ ಕೇಳಬೇಡಿ, ಸೈಟಿನ ಮೆಸೇಜಿನಲ್ಲೇ ಕೇಳಿ. ನಮ್ಮ ಹಣದಲ್ಲಿ ಒಂದಿಷ್ಟಾದರೂ ವಾಪಸ್ ಬಂದದ್ದು ಅದರಿಂದಲೇ. ಗವಾಕ್ಷಿಗೆ ಹೊಡೆದ ಹಲಗೆ, ಕೊಳವೆ ಇಲ್ಲದ ಗೀಸರ್, ಮುಳುಗಿದ ರಸ್ತೆ, ಎಲ್ಲದರ ಫೋಟೋ ಅಲ್ಲೇ ಹಾಕಿ ದೂರು ಕೊಟ್ಟೆವು. ಮನೆ ಬಿಟ್ಟು ಊರಿಗೆ ಬಂದ ಮೇಲೆ ಬರೆದರಾಯಿತು ಅಂತ ಕೂರಬೇಡಿ, ದೂರಿನ ಅವಧಿ ಅಷ್ಟರಲ್ಲಿ ಮುಗಿದಿರಬಹುದು. 'ಸೈಟ್ ಬೇಡ, ನೇರವಾಗಿ ನನಗೇ ಕಳಿಸಿ, ಕಡಿಮೆ ಮಾಡಿಕೊಡ್ತೀನಿ' ಅಂತ ಮಾಲೀಕರು ಮೊದಲು ಕೇಳಿದ್ದರು. ಹಾಗೆ ಕಟ್ಟಿದ್ದರೆ ದೂರು ಕೇಳುವವರೇ ಇರುತ್ತಿರಲಿಲ್ಲ. ಠೇವಣಿ ಇನ್ನೂ ಬಂದಿಲ್ಲ. ಆ ಗೀಸರ್ ತೆಗೆಸಿದ್ದೀರಾ ಅಂತ ಕೇಳಿದ್ದಕ್ಕೂ ಉತ್ತರ ಇಲ್ಲ, ಮನೆ ಮಾತ್ರ ಈಗಲೂ ಬುಕಿಂಗಿಗೆ ಸಿಗುತ್ತಿದೆ.